ಕೈ ಹಿಂದೆ ಕಟ್ಟಿಕೊಂಡು ಕಲಿಸಿದವರು

ನಮ್ಮ ಮನೆಯ ಮುಂದಿನ ರೂಮಿಗೆ ಬಾಡಿಗೆಗೆ ಬಂದ ಕಂಪ್ಯೂಟರ್ ಟೀಚರಮ್ಮನ ಹತ್ತು ಬೆರಳೂ ಸುಣ್ಣದ ಗಡಿಗೆಯಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಿದ್ದವು. ಮಣಿಕಟ್ಟಿನವರೆಗೆ ಬಿಳುಪು, ಅಲ್ಲಿಂದ ಮೇಲಕ್ಕೆ ನಮ್ಮಂಥದೇ ಎಣ್ಣೆಗೆಂಪು. ತುಟಿಯ ಎಡಮೂಲೆಯಲ್ಲೂ ಒಂದು ಬಿಳಿ ಮಚ್ಚೆ, ಹಾಲು ಕುಡಿದು ಬಾಯಿ ಒರೆಸಿಕೊಳ್ಳದ ಮಗುವಿಗೆ ಇರುವ ಹಾಗೆ. ತೊನ್ನು. ಅದು ಅಂಟುವ ಕಾಯಿಲೆಯಲ್ಲ ಅಂತ ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ಯಾರಾದರೂ ಹೇಳಿದ್ದರೂ ನಂಬುತ್ತಿರಲಿಲ್ಲ.

ನಾವಿರುವುದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಮುಂದಿನ ರೂಮಿನಲ್ಲಿ ನಮ್ಮ ಯಜಮಾನರು ಸೈಕಲ್ ಷಾಪ್ ಇಟ್ಟಿದ್ದರು. ಅವರು ಹೋದ ಮೇಲೆ ಅಲ್ಲಿ ಉಳಿದದ್ದು ಹಳೇ ಟೈರು, ಒಂದು ಗಾಳಿ ಪಂಪು, ಜೇಡರ ಬಲೆ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬಂದು ಕ್ಲಾಸ್ ಮಾಡುತ್ತೇನೆ, ರೂಮ್ ಕೊಡುತ್ತೀರಾ ಅಂತ ಟೀಚರ್ ಬಂದು ನಿಂತಾಗ ನಾನು ಮುಖ ನೋಡುವ ಮೊದಲು ಕೈ ನೋಡಿದೆ. ಆಗಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಮಗ ಹೂಂ ಅಂದುಬಿಟ್ಟಿದ್ದ. ಅವನು ಗೂಡ್ಸ್ ಆಟೋ ಓಡಿಸುವವನು, ಯಾವುದಕ್ಕೂ ಎರಡು ಸಲ ಯೋಚಿಸುವವನಲ್ಲ.

ಆರು ಹಳೇ ಕಂಪ್ಯೂಟರ್ ಬಂದವು. ಕಲಿಯಲು ಬಂದವರೆಲ್ಲ ಹೆಣ್ಣುಮಕ್ಕಳೇ, ಗುಬ್ಬಿಯವರು, ಕುಣಿಗಲ್ಲಿನವರು, ನಮ್ಮ ಬೀದಿಯವರು ಇಬ್ಬರು. ಕಲಿಸುತ್ತಿದ್ದದ್ದು ಜಾವಾಸ್ಕ್ರಿಪ್ಟ್. ಮೊಬೈಲಿನಲ್ಲಿ ನಾವು ನೋಡುವ ಪುಟಗಳಿಗೆ ಕೆಲಸ ಹೇಳುವ ಭಾಷೆಯಂತೆ. ನಾನು ಹುತ್ರಿದುರ್ಗದ ಕಡೆಯ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸ್ ಮುಗಿಸಿ ಎಮ್ಮೆ ಕಾಯಲು ಹೋದವಳು. ಕನ್ನಡ ಓದುತ್ತೇನೆ, ಇಂಗ್ಲಿಷ್ ಅಕ್ಷರ ಕಂಡರೆ ಇರುವೆ ಸಾಲು ಕಂಡ ಹಾಗೆ. ಆದರೂ ದಿನಾ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಲೋ ಹುಣಸೆಹಣ್ಣು ಬಿಡಿಸುತ್ತಲೋ ಕೂತಿರುತ್ತಿದ್ದೆ. ನನ್ನ ಮನೆ, ನನ್ನ ರೂಮು, ಒಳಗೆ ಏನು ನಡೆಯುತ್ತೆ ನೋಡಬೇಕಲ್ಲ. ಹಾಗೆ ಕೂತು ಕೂತು ಎಷ್ಟೋ ಕಿವಿಗೆ ಬಿತ್ತು.

ವೇರಿಯೇಬಲ್, ಅಂದರೆ ಅಂಕಿಯನ್ನೋ ಪದವನ್ನೋ ಹೆಸರು ಕೊಟ್ಟು ತುಂಬಿಡುವ ಜಾಗ, ಅದನ್ನು ಅವರು ಹೇಳಿಕೊಟ್ಟದ್ದು ನಮ್ಮ ಅಡಿಗೆಮನೆಯ ಡಬ್ಬಗಳಿಂದ. ಒಂದು ದಿನ ಕಾಫಿ ಲೋಟ ಇಡಲು ಒಳಗೆ ಬಂದವರು ನಮ್ಮ ಗೂಡನ್ನೇ ನೋಡುತ್ತಾ ನಿಂತರು. ಬಿಸ್ಕತ್ತಿನ ಡಬ್ಬದಲ್ಲಿ ಮೆಣಸಿನಪುಡಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ತುಪ್ಪದ ಡಬ್ಬದಲ್ಲಿ ಕೊಬ್ಬರಿ.

"ನಿಮಗೆ ಗೊತ್ತಾಗುತ್ತೇನಮ್ಮಾ, ಯಾವುದ್ರಲ್ಲಿ ಏನಿದೆ ಅಂತ?"

"ನನ್ನ ಅಡಿಗೆಮನೆ, ನಂಗೆ ಗೊತ್ತಾಗ್ದೆ ಇನ್ಯಾರಿಗ್ ಗೊತ್ತಾಗುತ್ತೆ?" ಅಂದೆ.

"ನೀವು ಎರಡು ದಿನ ಊರಿಗೆ ಹೋದ್ರೆ?"

ಸೊಸೆ ಅಲ್ಲೇ ಒಲೆ ಮುಂದೆ ನಿಂತು ಮೆಲ್ಲಗೆ ನಕ್ಕಳು. ಹಿಂದಿನ ವರ್ಷ ನಾನು ಯಡಿಯೂರಿಗೆ ಹೋಗಿದ್ದಾಗ ಪಾಯಸಕ್ಕೆ ಯಾವ ಡಬ್ಬದಿಂದ ಏನು ಹಾಕಿದ್ದಳು ಅನ್ನುವುದು ಇಲ್ಲಿ ಬೇಡ. ಟೀಚರ್ ಮಾರನೆಯ ದಿನ ಕ್ಲಾಸಿನಲ್ಲಿ ಅದನ್ನೇ ಹೇಳಿದರು. ಒಳಗೆ ಏನಿದೆಯೋ ಅದನ್ನೇ ಡಬ್ಬದ ಮೇಲೆ ಬರೆಯಿರಿ. ಹೆಸರಿನ ಮಧ್ಯೆ ಜಾಗ ಬಿಡಬೇಡಿ, ಅಂಕಿಯಿಂದ ಶುರು ಮಾಡಬೇಡಿ. ಎರಡು ಪದ ಸೇರಿಸಿದರೆ ಮೊದಲನೆಯದನ್ನು ಚಿಕ್ಕಕ್ಷರದಿಂದ ಶುರು ಮಾಡಿ, ಎರಡನೆಯದರ ಮೊದಲಕ್ಷರ ದೊಡ್ಡದಿರಲಿ, ಒಂಟೆಯ ಡುಬ್ಬದ ಹಾಗೆ ಎದ್ದು ಕಾಣಲಿ.

ಗುಬ್ಬಿಯ ಒಬ್ಬ ಹುಡುಗಿ ಇದ್ದಳು, ಬಾಯಿ ಜೋರು. ಹೆಸರಿಡುವುದೆಂದರೆ ಅವಳಿಗೆ ಸೋಮಾರಿತನ. ಎಕ್ಸ್, ಎಕ್ಸ್ ಎಕ್ಸ್, ಎಕ್ಸ್ ಎಕ್ಸ್ ಎಕ್ಸ್ ಅಂತ ಇಡುತ್ತಿದ್ದಳು. ಟೀಚರ್ ಬೈಯಲಿಲ್ಲ. ಒಂದು ವಾರ ಬಿಟ್ಟು ಅವಳ ಬರಹವನ್ನೇ ಅವಳ ಮುಂದಿಟ್ಟು, ಇದೇನು ಮಾಡುತ್ತೆ ಹೇಳು ಅಂದರು.

"ಇದ್ಯಾವ ಕಳ್ಳನ ಬರಹ ಟೀಚರ್, ತಲೆಬುಡ ಇಲ್ಲ."

"ಕಳ್ಳ ಇವತ್ತು ಹಳದಿ ಚೂಡಿದಾರ ಹಾಕ್ಕೊಂಡ್ ಬಂದಿದಾಳೆ ಕಣೇ," ಅಂದರು. ಆ ಹುಡುಗಿ ತನ್ನ ಹಳದಿ ವೇಲನ್ನು ನೋಡಿಕೊಂಡಳು. ಕ್ಲಾಸಿಗೆ ಕ್ಲಾಸೇ ನಕ್ಕಿತು, ನಾನೂ ನಕ್ಕೆ.

ಟೀಚರದು ಒಂದು ಪದ್ಧತಿ ಇತ್ತು. ಕಲಿಸುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಯಾರು ಎಷ್ಟೇ ತಪ್ಪು ಮಾಡಲಿ, ಕೀಬೋರ್ಡನ್ನು ಮುಟ್ಟುತ್ತಿರಲಿಲ್ಲ, ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಿರಲಿಲ್ಲ. ಬರೆದ ಸಾಲನ್ನು ಬರೆದವರೇ ಗಟ್ಟಿಯಾಗಿ ಓದಬೇಕು. ಯಾವುದು ದೊಡ್ಡಕ್ಷರ, ಯಾವುದು ಚಿಕ್ಕಕ್ಷರ ಅಂತ ಒಂದೊಂದಾಗಿ ಹೇಳಬೇಕು. ಹಾಗೆ ಓದದ ಸಾಲನ್ನು ಓಡಿಸುವಂತಿಲ್ಲ, ಕಂಪ್ಯೂಟರಿಗೆ ಕೊಟ್ಟು ನೋಡುವಂತಿಲ್ಲ. ದಿನವಿಡೀ ನಮ್ಮ ರೂಮಿನಿಂದ ದೊಡ್ಡ ಎನ್, ಚಿಕ್ಕ ಎ, ದೊಡ್ಡ ಟಿ ಅನ್ನುವ ಕೂಗು. ಬೀದಿಯಲ್ಲಿ ಹೋಗುವವರು, "ಏನಕ್ಕಾ, ಅಂಗನವಾಡಿ ತೆಗೆದ್ರಾ?" ಅಂತ ನನ್ನನ್ನು ಕೇಳುತ್ತಿದ್ದರು.

"ನೀವೇ ಒಂದ್ ಸಲ ತಿದ್ದಿಬಿಟ್ರೆ ಮುಗೀತಲ್ಲ ಟೀಚರೇ," ಅಂತ ನಾನೂ ಒಂದು ದಿನ ಕೇಳಿದ್ದೆ.

"ನನ್ನ ಕೈ ಓಡಾಡಿದ್ರೆ ಅವ್ರ ತಲೆ ಮಲ್ಕೊಳ್ಳುತ್ತೆ ಅಮ್ಮಾ," ಅಂದಿದ್ದರು. ಒಳ್ಳೆಯ ಮಾತು ಅಂದುಕೊಂಡಿದ್ದೆ.

ಈಗ ಸೊಸೆಯ ವಿಷಯ. ಅವಳು ಕುಣಿಗಲ್ಲಿನವಳು, ಪಿಯುಸಿ ಓದಿದವಳು. ನಮ್ಮ ಮನೆಗೆ ಬಂದು ಒಂಬತ್ತು ವರ್ಷ, ಎರಡು ಮಕ್ಕಳು. ದನಿ ಎಷ್ಟು ಸಣ್ಣದೆಂದರೆ ಮನೆಯಲ್ಲಿದ್ದಾಳೋ ಇಲ್ಲವೋ ಅನ್ನುವುದು ಪಾತ್ರೆಯ ಸದ್ದಿನಿಂದ ಗೊತ್ತಾಗಬೇಕು. ಕ್ಲಾಸ್ ನಡೆಯುವಾಗ ಅವಳು ನಡುಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಾಳೆ ಅನ್ನುವುದನ್ನು ನನಗಿಂತ ಮೊದಲು ಕಂಡುಹಿಡಿದವರು ಟೀಚರ್.

"ಬಾಗಿಲ ಸಂದೀಲಿ ಕೇಳಿದ್ರೆ ಅರ್ಧ ಬಾಗಿಲಿಗೇ ಹೋಗುತ್ತೆ. ಒಳಗ್ ಬಂದು ಕೂತ್ಕೋಮ್ಮ," ಅಂದರು.

ನನಗೆ ಇಷ್ಟವಿರಲಿಲ್ಲ. ಮಗ ಕಲೀಲಿ ಬುಡವ್ವಾ ಅಂದ. ಮೂರು ತಿಂಗಳು ಅಂದೆ. ಮೂರು ತಿಂಗಳಲ್ಲಿ ಏನಾದರೂ ಒಂದು ಮಾಡಿ ತೋರಿಸಬೇಕು, ಇಲ್ಲದಿದ್ದರೆ ಆ ಕುರ್ಚಿ ಬಿಟ್ಟು ಎದ್ದು ಒಳಗೆ ಬರಬೇಕು, ಮತ್ತೆ ಆ ಮಾತು ಎತ್ತಬಾರದು. ಎಲ್ಲರ ಮುಂದೆ ಹೇಳಿದೆ. ಸೊಸೆ ತಲೆ ಆಡಿಸಿದಳು.

ಅವಳಿಗೆ ಲೆಕ್ಕ ಬರುತ್ತಿತ್ತು, ತರ್ಕ ಬರುತ್ತಿತ್ತು, ಹೆಸರಿಡಲು ಮಾತ್ರ ಬರುತ್ತಿರಲಿಲ್ಲ. ಅವಳ ವೇರಿಯೇಬಲ್‌ಗಳೆಲ್ಲ ಇವರು, ಅವರು, ಅದು, ಇದು. ಗಂಡನನ್ನು 'ಇವ್ರು' ಅಂತಲೂ ಮೈದುನನನ್ನು 'ಅವ್ರು' ಅಂತಲೂ ಕರೆದು ಅಭ್ಯಾಸವಾದವಳು ಮತ್ತೇನು ಬರೆದಾಳು.

"ಒಂದೇ ಮನೇಲಿ ನಾಲ್ಕು ಜನ 'ಇವ್ರು' ಇದ್ರೆ ಊಟಕ್ಕೆ ಯಾರು ಎದ್ದು ಬರ್ಬೇಕಮ್ಮ?" ಅಂತ ಟೀಚರ್ ಕೇಳಿದರು.

ಆಮೇಲೆ ಹೆಸರಿಡಲು ಕಲಿತಳು. ಆಗ ಇನ್ನೊಂದು ಪೇಚು. ಅಭ್ಯಾಸಕ್ಕೆ ಮನೆಯವರನ್ನೇ ಇಟ್ಟುಕೊಂಡು ಬರೆಯಿರಿ ಅಂದರೆ, ಮಕ್ಕಳಿಗೆಲ್ಲ ಚಿಕ್ಕಕ್ಷರ, ತಾತನಿಗೆ ದೊಡ್ಡಕ್ಷರ, ಭಾವನಿಗೆ ದೊಡ್ಡಕ್ಷರ. ಹತ್ತು ಸಾಲು ಕೆಳಗೆ ಹೋಗುವಷ್ಟರಲ್ಲಿ ಆತುರಕ್ಕೆ ಎಲ್ಲರಿಗೂ ಚಿಕ್ಕಕ್ಷರ. ಪರದೆಯಲ್ಲಿ ಕೆಂಪು ಗೆರೆ, ಅಂಥವರು ಇಲ್ಲಿ ಯಾರೂ ಇಲ್ಲ ಅಂತ.

"ಮಿಷನ್‌ಗೆ ಮರ್ಯಾದೆ ಗೊತ್ತಿಲ್ಲ," ಅಂದರು ಟೀಚರ್. "ದೊಡ್ಡಕ್ಷರ ಹಾಕಿದ್ರೆ ಅದು ಎದ್ದು ನಿಂತು ನಮಸ್ಕಾರ ಮಾಡಲ್ಲ. ಬೇರೆ ಯಾರೋ ಬಂದ್ರು ಅಂದ್ಕೊಳ್ಳುತ್ತೆ, ಅಷ್ಟೇ. ಮರ್ಯಾದೆ ಊಟ ಬಡಿಸುವಾಗ ತೋರ್ಸು, ಇಲ್ಲಿ ಬೇಡ."

ಮೂರನೆಯ ತಿಂಗಳಿನ ಕೊನೆಗೆ ಒಂದು ಕೆಲಸ ಸಿಕ್ಕಿತು. ಟೀಚರ ಪರಿಚಯದ ಹಲ್ಲಿನ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿನ ಟೀವಿಯಲ್ಲಿ ಟೋಕನ್ ನಂಬರು, ಪೇಷಂಟಿನ ಹೆಸರು ಕನ್ನಡದಲ್ಲಿ ಬರುವ ಹಾಗೆ ಒಂದು ಪುಟ ಬೇಕು ಅಂದಿದ್ದರು. ಸೊಸೆ ಮಾಡಲಿ ಅಂದರು ಟೀಚರ್. ಸರಿಯಾಗಿ ಮಾಡಿದರೆ ಬೆಳಗಿನ ಹೊತ್ತು ಕ್ಲಿನಿಕ್ಕಿನ ಮುಂದಿನ ಟೇಬಲ್ಲಿನ ಕೆಲಸವನ್ನೂ ಅವಳಿಗೇ ಕೊಡುವುದಾಗಿ ಡಾಕ್ಟರ್ ಹೇಳಿದರು. ಭಾನುವಾರ ಹತ್ತು ಗಂಟೆಗೆ ಬಂದು ನೋಡುತ್ತೇನೆ ಅಂದರು. ನನ್ನ ಮೂರು ತಿಂಗಳು ಮುಗಿಯುವುದೂ ಅದೇ ವಾರ.

ಭಾನುವಾರ ಬೆಳಿಗ್ಗೆಗೆ ಎರಡು ಹೆಸರು ಸರಿಯಾಗಿ ಬರುತ್ತಿದ್ದವು, ನಮ್ಮ ಮೊಮ್ಮಕ್ಕಳದು. ಇನ್ನೊಂದು ಸೇರಿಸು ಅಂದರು ಟೀಚರ್. ಯಾರದು ಅಂದಳು ಸೊಸೆ.

"ಇಲ್ಲೇ ಒಬ್ರು ಹಿರಿಯರು ಅವರೆಕಾಯಿ ಹಿಡ್ಕೊಂಡು ಕೂತಿದಾರಲ್ಲ, ಅವ್ರನ್ನೇ ಪೇಷಂಟ್ ಮಾಡು," ಅಂತ ಹೇಳಿ ಹೊರಗೆ ಡಾಕ್ಟರನ್ನು ಎದುರುಗೊಳ್ಳಲು ಹೋದರು. ಸೊಸೆ ಎರಡು ಸಾಲು ಬರೆದಳು, ಮೇಲೊಂದು ಕೆಳಗೊಂದು. ಬಾಯಿ ಅಲ್ಲಾಡಿತು, ಸದ್ದು ಬರಲಿಲ್ಲ. ಅಷ್ಟರಲ್ಲಿ ಡಾಕ್ಟರ್ ಒಳಗೆ ಬಂದು ಕೂತರು.

ಅವಳು ಓಡಿಸಿದಳು. ಮೊಮ್ಮಗನ ಹೆಸರು ಬಂತು. ಮೊಮ್ಮಗಳ ಹೆಸರು ಬಂತು. ಮೂರನೆಯದಕ್ಕೆ ಪರದೆ ಖಾಲಿ. ಕೆಳಗೆ ಕೆಂಪು ಗೆರೆ.

ಸೊಸೆ ಮತ್ತೆ ಓಡಿಸಿದಳು. ಮತ್ತೆ ಅದೇ. ಕತ್ತಿನ ಮೇಲೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ನಿಜ ಹೇಳಿಬಿಡುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಮಾಧಾನವಾಯಿತು. ಮುಗೀತು, ಇನ್ನು ಒಳಗೆ ಬರುತ್ತಾಳೆ ಅಂದುಕೊಂಡೆ.

"ಟೀಚರೇ, ನೀವೇ ಒಂಚೂರು ನೋಡ್ಬಿಡಿ," ಅಂದರು ಡಾಕ್ಟರ್. "ಎರಡು ನಿಮಿಷದ ಕೆಲಸ. ನನಗೂ ಟೈಮಾಯ್ತು."

"ಕೂತ್ಕೊಳ್ಳಿ ಡಾಕ್ಟ್ರೇ, ಇದು ಅವಳ ಕೆಲಸ," ಅಂದರು ಟೀಚರ್. ಕೈ ಬೆನ್ನ ಹಿಂದೆಯೇ ಇತ್ತು. ಅಲ್ಲಿಂದಲೇ ಸೊಸೆಯನ್ನು ಕೇಳಿದರು, "ಹೊಸ ಸಾಲು ಓದಿದ್ಯೇನಮ್ಮ?"

"ಓದ್ದೆ ಟೀಚರ್."

"ಗಟ್ಟಿಯಾಗಿ?"

ಸೊಸೆ ಇಲ್ಲ ಅಂತ ತಲೆ ಅಲ್ಲಾಡಿಸಿದಳು.

"ಯಾಕೆ?"

"ಅದು… ಅವ್ರ ಹೆಸ್ರು ಟೀಚರ್."

"ಯಾರ ಹೆಸ್ರು?"

ಗಲ್ಲವನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು.

ಒಂಬತ್ತು ವರ್ಷದಲ್ಲಿ ಅವಳ ಬಾಯಲ್ಲಿ ನನ್ನ ಹೆಸರು ಬಂದಿರಲಿಲ್ಲ. ನಾನು ಜ್ವರ ಬಂದು ಆಸ್ಪತ್ರೆಗೆ ಸೇರಿದಾಗ ಚೀಟಿ ಬರೆಯುವವರು ಪೇಷಂಟಿನ ಹೆಸರು ಕೇಳಿದರೆ, ನನ್ನ ಮೊಮ್ಮಗನನ್ನು ಮುಂದಕ್ಕೆ ತಳ್ಳಿ "ಅಜ್ಜಿ ಹೆಸ್ರು ಹೇಳೋ" ಅಂದಿದ್ದಳು. ಅದನ್ನು ನಾನು ಬೀದಿಯವರಿಗೆಲ್ಲ ಹೇಳಿಕೊಂಡು ಬೀಗಿದ್ದೆ, ಇಂಥ ಸೊಸೆ ಈ ಕಾಲದಲ್ಲಿ ಯಾರಿಗೆ ಸಿಗುತ್ತಾಳೆ ಅಂತ. ಅವಳು ಬರೆದ ಸಾಲುಗಳಲ್ಲಿ ಗಟ್ಟಿಯಾಗಿ ಓದದೆ ಬಿಟ್ಟದ್ದು ನನ್ನ ಹೆಸರಿದ್ದ ಸಾಲು ಮಾತ್ರ. ತಪ್ಪು ಕೂತಿದ್ದದ್ದು ಅಲ್ಲೇ.

ಟೀಚರ್ ನನ್ನನ್ನು ನೋಡಿದರು. ಏನೂ ಕೇಳಲಿಲ್ಲ. ಬೇಡಿದ್ದರೆ ನಾನು ಮೂತಿ ತಿರುಗಿಸುತ್ತಿದ್ದೆನೋ ಏನೋ. ಸೊಸೆಯ ತಲೆಯಲ್ಲಿ ತಪ್ಪಿದ್ದಿದ್ದರೆ ನಾನು ಗೆದ್ದೆ ಅನ್ನಬಹುದಿತ್ತು. ಅವಳು ಸೋಲುತ್ತಿದ್ದದ್ದು ನನಗೆ ಕೊಟ್ಟ ಮರ್ಯಾದೆಯಿಂದ. ಹಾಗೆ ಗೆದ್ದು ನಾನೇನು ಮಾಡಲಿ.

"ಹೇಳೇ," ಅಂದೆ. "ಹೆಸ್ರು ಹೇಳಿದ್ರೆ ನಾನೇನು ಸವೆದು ಹೋಗಲ್ಲ."

ಅವಳು ಸೆರಗು ಸರಿಮಾಡಿಕೊಂಡಳು. "ಲಕ್ಕಮ್ಮ," ಅಂದಳು, ಗುಂಡಿಯೊಳಗಿಂದ ಅಂದ ಹಾಗೆ.

"ಕೇಳಿಸ್ಲಿಲ್ಲ," ಅಂದರು ಟೀಚರ್.

"ಲಕ್ಕಮ್ಮ."

"ಅಕ್ಷರ ಹೇಳು. ಮೇಲಿನ ಸಾಲು."

"ದೊಡ್ಡ ಎಲ್, ಚಿಕ್ಕ ಎ, ಚಿಕ್ಕ ಕೆ, ಇನ್ನೊಂದು ಚಿಕ್ಕ ಕೆ…" ಪೂರ್ತಿ ಹೇಳಿದಳು, ಟೋಕನ್ನಿನ ದೊಡ್ಡ ಟಿ ಬರುವವರೆಗೆ.

"ಕೆಳಗಿನ ಸಾಲು."

"ಚಿಕ್ಕ ಎಲ್…" ಅಲ್ಲಿಗೆ ನಿಂತಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಅಂದುಕೊಂಡೆ, ನಗುತ್ತಿದ್ದಳು.

"ಮೇಲ್ಯಾಕೆ ದೊಡ್ಡದು?" ಟೀಚರ್ ಬಿಡಲಿಲ್ಲ.

"ಅತ್ತೆ ಹೆಸ್ರನ್ನ ಚಿಕ್ಕಕ್ಷರದಲ್ಲಿ ಹೆಂಗ್ ಶುರು ಮಾಡ್ಲಿ ಟೀಚರ್? ಕೈ ಬರ್ಲಿಲ್ಲ."

ಡಾಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆ ಮೇಲಿನ ಸಾಲಿಗೆ ಹೋಗಿ ನನ್ನನ್ನು ಚಿಕ್ಕದು ಮಾಡಿದಳು. ಓಡಿಸಿದಳು. ಟೋಕನ್ ಮೂರು, ಲಕ್ಕಮ್ಮ, ಒಳಗೆ ಬನ್ನಿ ಅಂತ ಅಂಗೈಯಗಲದ ಕನ್ನಡ ಅಕ್ಷರದಲ್ಲಿ ಬಂತು. ಕನ್ನಡಕ ಇಲ್ಲದೆ ನಾನೇ ಓದಿದೆ.

ಡಾಕ್ಟರ್ ಆ ಪುಟವನ್ನು ತೆಗೆದುಕೊಂಡರು, ಕೆಲಸವನ್ನೂ ಕೊಟ್ಟರು. ಸೊಸೆ ಈಗ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುತ್ತಾಳೆ. ಅಲ್ಲಿ ಊರವರ ಹೆಸರನ್ನೆಲ್ಲ ಗಟ್ಟಿಯಾಗಿ ಕೂಗುತ್ತಾಳಂತೆ. ಮನೆಯಲ್ಲಿ ದನಿ ಇನ್ನೂ ಅಷ್ಟೇ ಇದೆ, ಆದರೆ ಬೇಡದ್ದಕ್ಕೆ ಬೇಡ ಅನ್ನುತ್ತಾಳೆ. ನನಗೂ ಅನ್ನುತ್ತಾಳೆ.

ಆ ವಾರವೇ ಗುಬ್ಬಿಯ ಹುಡುಗಿ ಊಟದ ಡಬ್ಬಿ ಬಿಚ್ಚಿಕೊಂಡು ನನ್ನ ಪಕ್ಕ ಕೂತಿದ್ದಾಗ ನಾನು ಟೀಚರನ್ನು ಹೊಗಳಿದೆ. ಎಷ್ಟು ಗಟ್ಟಿ ಮನಸ್ಸು ನೋಡು, ಅಷ್ಟಾದರೂ ಕೈ ಹಾಕಲಿಲ್ಲ ಅಂದೆ.

"ಗುಬ್ಬೀಲಿ ಹಂಗಿರ್ಲಿಲ್ಲ ಅಜ್ಜಿ," ಅಂದಳು ಅವಳು ಮುದ್ದೆ ಮುರಿಯುತ್ತಾ. "ನಾನು ಅಲ್ಲೂ ಇವ್ರ ಹತ್ರನೇ ಕಲ್ತಿದ್ದು. ನಮ್ಮ ಕೈ ಹಿಡ್ಕೊಂಡು, ಬೆರಳು ಮೇಲೆ ಬೆರಳಿಟ್ಟು ತೋರ್ಸೋರು. ತಪ್ಪಾದ್ರೆ ತಲೆ ಮೇಲೊಂದು ಮೊಟಕೋರು. ಇಲ್ಲಿಗ್ ಬಂದು ಸ್ವಲ್ಪ ದಿನಕ್ಕೆ ಕೈ ಕಟ್ಕೊಂಬಿಟ್ರು. ಯಾಕೋ ಗೊತ್ತಿಲ್ಲ."

ನನಗೆ ಗೊತ್ತಾಯಿತು. ಇಷ್ಟು ಹೊತ್ತು ಬರೆಯದೆ ತಳ್ಳಿಕೊಂಡು ಬಂದದ್ದು ಅದನ್ನೇ, ಈಗ ಬರೆಯುತ್ತೇನೆ.

ಸೊಸೆ ಕ್ಲಾಸಿಗೆ ಸೇರಿದ ಎರಡನೆಯ ದಿನ ಟೀಚರ್ ಅವಳ ಪಕ್ಕ ಬಗ್ಗಿ, ಅವಳ ಬೆರಳು ಹಿಡಿದು, ದೊಡ್ಡಕ್ಷರಕ್ಕೆ ಯಾವ ಗುಂಡಿ ಒತ್ತಬೇಕು ಅಂತ ತೋರಿಸಿದರು. ಆ ಬಿಳಿ ಬೆರಳು ನಮ್ಮ ಹುಡುಗಿಯ ಬೆರಳ ಮೇಲೆ ಕೂತದ್ದು ನೋಡಿ ನನಗೆ ಮೈ ಜುಂ ಅಂದಿತು. ಸಂಜೆ ಎಲ್ಲರೂ ಹೋದ ಮೇಲೆ ಸೊಸೆಗೆ ಎರಡು ಸಲ ಸೋಪು ಹಾಕಿ ಕೈ ತೊಳೆಯಲು ಹೇಳಿದೆ. ಬೋಗುಣಿಯಲ್ಲಿ ಅರಿಶಿನದ ನೀರು ಮಾಡಿಕೊಂಡು ಹೋಗಿ ಆ ಕೀಬೋರ್ಡನ್ನು ಬಟ್ಟೆ ಅದ್ದಿ ಅದ್ದಿ ಒರೆಸಿದೆ. ಹಿಂದೆ ಏನೋ ಸದ್ದಾಯಿತು. ತಿರುಗಿದರೆ ಬಾಗಿಲಲ್ಲಿ ಟೀಚರ್. ಮೊಳೆಗೆ ಸಿಕ್ಕಿಸಿದ ಕೊಡೆ ಮರೆತು ಹೋಗಿ ವಾಪಸ್ ಬಂದಿದ್ದರು. ನನ್ನ ಕೈಯ ಬಟ್ಟೆ ನೋಡಿದರು, ಬೋಗುಣಿ ನೋಡಿದರು.

"ನೀರು ಒಳಗೆ ಇಳಿದ್ರೆ ಕೀಬೋರ್ಡ್ ಕೆಡುತ್ತೆ ಅಮ್ಮಾ," ಅಂದರು. "ಒಣಗಿದ ಬಟ್ಟೇಲಿ ಒರೆಸಿ."

ಕೊಡೆ ತೆಗೆದುಕೊಂಡು ಬಸ್ಸಿಗೆ ಹೋದರು. ಮಾರನೆಯ ದಿನ ಹೊತ್ತಿಗೆ ಸರಿಯಾಗಿ ಬಂದರು, ಊಟ ಆಯ್ತೇನಮ್ಮಾ ಅಂತ ನನ್ನನ್ನು ಕೇಳಿದರು, ಕ್ಲಾಸಿಗೆ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಂತರು. ಮೂರು ತಿಂಗಳು ನಾನು ಪದ್ಧತಿ ಅಂತ ಹೊಗಳಿದ್ದು ಅದನ್ನೇ.

ಗುಬ್ಬಿಯ ಹುಡುಗಿ ಹೇಳಿದ ಮೇಲೂ ಬಾಯಿ ಬಿಡಲು ನನಗೆ ಆರು ತಿಂಗಳು ಬೇಕಾಯಿತು. ಎದುರಿಗೆ ಸಿಕ್ಕಾಗಲೆಲ್ಲ ನಾಳೆ ಹೇಳಿದರಾಯಿತು ಅಂದುಕೊಂಡೆ. ಅವರು ಕುಣಿಗಲ್ಲಿನಲ್ಲಿ ದೊಡ್ಡ ರೂಮ್ ಸಿಕ್ಕಿತು ಅಂತ ನಮ್ಮ ಮನೆ ಖಾಲಿ ಮಾಡಿದ ದಿನ, ಕಂಪ್ಯೂಟರುಗಳನ್ನೆಲ್ಲ ಮಗನ ಆಟೋಗೆ ಏರಿಸಿ ಆದ ಮೇಲೆ, ಖಾಲಿ ರೂಮಿನಲ್ಲಿ ನಾವಿಬ್ಬರೇ ನಿಂತಿದ್ದೆವು.

"ಅವತ್ತು ನಾನ್ ಮಾಡಿದ್ದು ತಪ್ಪು ಟೀಚರೇ," ಅಂದೆ. ಜೀವನದಲ್ಲಿ ಆ ಮಾತನ್ನು ನಾನು ಹೆಚ್ಚು ಸಲ ಆಡಿದವಳಲ್ಲ.

ಯಾವತ್ತು, ಏನು ಅಂತ ಅವರು ಕೇಳಲಿಲ್ಲ. "ಆಯ್ತು ಬಿಡಿ ಅಮ್ಮಾ," ಅಂದರು.

"ಆಯ್ತು ಬಿಡಿ ಅಂದ್ರೆ ಹೆಂಗೆ? ಅವತ್ತೇ ಮುಖಕ್ಕೆ ಉಗಿದು ರೂಮ್ ಬಿಟ್ಟು ಹೋಗ್ಬೋದಿತ್ತಲ್ಲ. ಬೇರೆ ಯಾರಾದ್ರೂ ಆಗಿದ್ರೆ ಹಂಗೇ ಮಾಡೋರು. ನೀವ್ಯಾಕೆ ಸುಮ್ನಿದ್ರಿ?"

ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಕ್ಲಾಸಿನಲ್ಲಿ ಹುಡುಗಿಯರನ್ನು ಕೇಳುವ ದನಿಯಲ್ಲೇ ಕೇಳಿದರು.

"ಅವತ್ತು ನಾನು ಜಗಳ ಆಡಿದ್ರೆ, ಮಾರನೇ ದಿನ ನಿಮ್ಮ ಸೊಸೇನ ಕ್ಲಾಸಿಗೆ ಬಿಡ್ತಿದ್ರಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲ," ಅಂದೆ.

"ಅದಕ್ಕೇ," ಅಂದರು ಟೀಚರ್. ರೂಮಿನ ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲೆ ಇಡಲು ಹೋದರು. ನಾನು ಕೈ ಚಾಚಿದೆ. ನನ್ನ ಅಂಗೈಯಲ್ಲಿಟ್ಟು, ಬರ್ತೀನಮ್ಮಾ ಅಂತ ಹೇಳಿ ಆಟೋ ಹತ್ತಿದರು.